ಕಣ್ಣಾರೆ ಕಂಡೆ, ಇವನೇ ಕಳ್ಳ!

ಹೋದ ಮಂಗಳವಾರ ಒಬ್ಬ ಒಳ್ಳೆಯ ಮನುಷ್ಯನಿಗೆ ನಾನು ಎರಡು ಏಟು ಕೊಡಿಸಿದೆ.

ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ನಾನು, ನಮ್ಮ ಯಜಮಾನರು ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿಟ್ಟ ನನ್ನ ಹ್ಯಾಂಡ್‌ಬ್ಯಾಗನ್ನು ಯಾರೋ ಎಗರಿಸಿ ಓಡಿದ. "ಚೋರ್! ಚೋರ್!" ಎಂದು ಕಿರುಚಿದೆ. ಎರಡೇ ನಿಮಿಷದಲ್ಲಿ ಜನ ಒಬ್ಬ ನೀಲಿ ಶರ್ಟಿನವನನ್ನು ಕಾಲರ್ ಹಿಡಿದು ಎಳೆತಂದರು. ಅವನ ಕೈಯಲ್ಲಿ ಬ್ಯಾಗಿರಲಿಲ್ಲ. ಏನೋ ಹೇಳಲು ಬಾಯಿ ತೆರೆದ. ನಾನು ಬಿಡಬೇಕಲ್ಲ?

"ಹಾಚ್ ತೋ! ಇವನೇ!" ಎಂದೆ. (ಸಿಟ್ಟು ಬಂದರೆ ನನಗೆ ಮರಾಠಿ ಸರಾಗ.) ಬಿದ್ದವು ಎರಡು.

ಪೊಲೀಸ್ ಚೌಕಿಯಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಹೆಣ್ಣುಮಗಳು. ಸೊಲ್ಲಾಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕೇಳುವ ಮೊದಲೇ ಯಜಮಾನರು ಬಾಯಿ ಹಾಕಿದರು. "ಬಿಳಿ ಶರ್ಟ್ ಇತ್ರಿ."

"ನೀಲಿ!" ಎಂದೆ ನಾನು.

"ಹಾಂ, ನೀಲಿನ. ಈಗ ನೆನಪಾತು."

"ನಿಮಗ ನೆನಪಾತೋ, ಅಕ್ಕಾರಿಗೆ ನೆನಪಾತೋ?" ಎಂದರು ಆಕೆ. (ನಮ್ಮ ಮೂವತ್ತು ವರ್ಷದ ಸಂಸಾರ ಒಂದೇ ಪ್ರಶ್ನೆಯಲ್ಲಿ ಬಯಲಾಯಿತು.)

ಯಜಮಾನರನ್ನು ಹೊರಗೆ ಕಳಿಸಿ ನನ್ನತ್ತ ತಿರುಗಿದರು. "ಬ್ಯಾಗಿನ್ಯಾಗ ಏನೇನಿತ್ರಿ?"

"ಚಕ್ಕಲಿ, ಮನಿ ಕೀಲಿ, ನನ್ನ ಚಷ್ಮಾ."

ಆಕೆ ಮೆಲ್ಲಗೆ ಪೆನ್ನು ಕೆಳಗಿಟ್ಟರು.

ಸಿಸಿಟಿವಿ ತರಿಸಿದರು. ಕನ್ನಡಕವಿಲ್ಲದ ನಾನು ಪರದೆಗೆ ಮೂಗು ತಾಗಿಸಿ ನೋಡಿದೆ. ಬ್ಯಾಗ್ ಹಿಡಿದು ಓಡಿದವನದು ಹಳದಿ ಟೀ ಶರ್ಟ್. ಅವನನ್ನು ಹಿಡಿಯಲು ಹಿಂದೆ ಜೀವ ಬಿಟ್ಟು ಓಡುತ್ತಿದ್ದದ್ದು ನೀಲಿ ಶರ್ಟ್!

"ಚಷ್ಮಾ ಇದ್ರೂ ಹಿಂಗ ಆಗ್ತದ್ರಿ," ಎಂದು ಆಕೆ ಸಮಾಧಾನ ಮಾಡಿದರು. "ಅಂಜಿದಾಗ ಕಳ್ಳನ ಮಾರಿ ಸರಿ ಕಾಣಂಗಿಲ್ಲ. ಆಮ್ಯಾಲೆ ಮಂದಿ ಯಾರನ್ನ ಹಿಡಕೊಂಡು ಬರ್ತಾರೋ, ಅವರ ಮಾರೀನ ಮನಸ್ಸು ಕಳ್ಳಗ ಅಂಟಿಸಿಬಿಡ್ತದ. ಟ್ರೇನಿಂಗ್‌ನ್ಯಾಗ ಇದನ್ನ ಕಲಿಸ್ಯಾರ. ಸುಳ್ಳು ಹೇಳೋರನ್ನ ಹೆಂಗರ ಹಿಡೀಬಹುದು. ನಿಮ್ಮಂಗ ಖರೇನ ನಂಬಿದವರನ್ನ ಏನ್ ಮಾಡೋದ್ರಿ?"

ನೀಲಿ ಶರ್ಟಿನವನು (ಕ್ಷಮಿಸಿ, ಈಗ ನೀಲಿ ಶರ್ಟಿನವರು) ಬಾರಾಮತಿಯ ಡೈರಿಯೊಂದರಲ್ಲಿ ಗುಮಾಸ್ತರು. ನನ್ನ ದೆಸೆಯಿಂದ ಅವರ ಬಸ್ಸೂ ಹೋಗಿತ್ತು. ಕೈಮುಗಿದೆ. ಊದಿದ ಕೆನ್ನೆ ಸವರಿಕೊಳ್ಳುತ್ತ ಮರಾಠಿಯಲ್ಲಿ ಅಂದರು: "ಇರಲಿ ಬಿಡಿ ತಾಯಿ. ಇನ್ನು ಯಾರ ಬ್ಯಾಗ್ ಹೋದರೂ ನಾನು ಕೂತಲ್ಲಿಂದ ಏಳೋದಿಲ್ಲ."

ಆ ಮಾತು ಏಟಿಗಿಂತ ಜೋರಾಗಿ ಬಿತ್ತು.

ಬ್ಯಾಗ್ ಸಿಗಲಿಲ್ಲ, ಹೋಗಲಿ. ಅವತ್ತು ನನ್ನನ್ನು ಕೋರ್ಟಿನಲ್ಲಿ ನಿಲ್ಲಿಸಿದ್ದರೆ ದೇವರಾಣೆ ಮಾಡಿ ಅವರತ್ತಲೇ ಬೆರಳು ತೋರಿಸಿ, ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಕ್ಯಾಮೆರಾ ಇಲ್ಲದ ಕಡೆ, ನನ್ನಂಥ ಪ್ರಾಮಾಣಿಕರ ದೆಸೆಯಿಂದ ಎಷ್ಟು ಜನ ಜೈಲಿನಲ್ಲಿ ಕೂತಿದ್ದಾರೋ?