ಶವದ ಗಾಡಿಯ ಕರೆಂಟು

ಆತ ಶವದ ಗಾಡಿಯ ಡ್ರೈವರ್. ಊರಲ್ಲಿ ಎಲ್ಲರಿಗೂ ಅವನ ಗುರುತಿತ್ತು, ಒಡನಾಟ ಯಾರಿಗೂ ಇರಲಿಲ್ಲ. ಹೋಟೆಲಿನಲ್ಲಿ ಅವನು ಕೂತ ಬೆಂಚಿಗೆ ಇನ್ನೊಬ್ಬರು ಬರುತ್ತಿರಲಿಲ್ಲ. ಎರಡು ಸಲ ಮದುವೆ ಮಾತು ನಡೆದು, ಕೆಲಸ ಯಾವುದೆಂದು ತಿಳಿದೊಡನೆ ಮುರಿದುಬಿತ್ತು. ಅಕ್ಕ ಇರುವವರೆಗೂ ಹೆಣ್ಣು ಹುಡುಕಿದಳು. ಅವಳು ಹೋದಮೇಲೆ ಆ ಮಾತೂ ನಿಂತಿತು.

ಡೀಸೆಲ್ ಗಾಡಿ ಹೋಗಿ ಬ್ಯಾಟರಿ ಗಾಡಿ ಬಂದಾಗ ಅವನಿಗೊಂದು ಗುಟ್ಟಿನ ಖುಷಿ ಸಿಕ್ಕಿತು. ಹಗಲು ಚಾರ್ಜ್ ಆದ ಗಾಡಿ, ಸಂಜೆ ಊರೆಲ್ಲ ಒಟ್ಟಿಗೆ ದೀಪ ಹಾಕುವ ಹೊತ್ತಿಗೆ, ಮಿಕ್ಕ ಕರೆಂಟನ್ನು ಅದೇ ವೈರಿನಲ್ಲಿ ಲೈನಿಗೆ ವಾಪಸ್ ಕೊಡುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಒಬ್ಬನೇ ಕೂತು ಎದುರು ಬೀದಿಯ ಕಿಟಕಿಗಳನ್ನು ನೋಡುತ್ತಿದ್ದ. ವಿಷಯ ಗೊತ್ತಾದರೆ ಇವರು ದೀಪ ಆರಿಸಿ ಕತ್ತಲಲ್ಲೇ ಉಂಡಾರು ಎಂದು ತನ್ನಷ್ಟಕ್ಕೇ ನಗುತ್ತಿದ್ದ.

ಒಂದು ಮಧ್ಯಾಹ್ನ ಬಿರುಗಾಳಿಗೆ ಕಂಬಗಳು ಉರುಳಿ ಊರಿಗೆ ಊರೇ ಕರೆಂಟಿಲ್ಲದಾಯಿತು. ಹೆರಿಗೆ ಆಸ್ಪತ್ರೆಯ ಜನರೇಟರ್ ಕೈಕೊಟ್ಟಿತು. ಅಲ್ಲಿ ದಿನ ತುಂಬದೆ ಹುಟ್ಟಿದ ಕೂಸೊಂದು ಕಾವಿನ ಪೆಟ್ಟಿಗೆಯಲ್ಲಿತ್ತು. ನರ್ಸು ಫೋನ್ ಮಾಡಿ, ನಿಮ್ಮ ಗಾಡಿ ಕರೆಂಟ್ ಕೊಡುತ್ತದೆಂದು ಲೈನ್‌ಮನ್ ಹೇಳಿದ, ಬರುತ್ತೀರಾ ಎಂದಳು.

"ಈ ಗಾಡೀನಾ ಸಿಸ್ಟರ್? ಅಲ್ಲಿಗಾ?"

"ಅದನ್ನೇ. ಬೇಗ ಬನ್ನಿ."

ಗೇಟಿನಲ್ಲಿ ಗಾಡಿ ಕಂಡದ್ದೇ ಕೂಸಿನ ಅಜ್ಜಿ ಕುಸಿದು ಕೂತಳು. ನರ್ಸು ಅವಳ ಕೈ ಹಿಡಿದು ಸಂಗತಿ ತಿಳಿಸಿದಳು. ಅವನು ತಲೆಯೆತ್ತದೆ ಗಾಡಿಯನ್ನು ಗೋಡೆಯ ಹತ್ತಿರ ನಿಲ್ಲಿಸಿ, ಅದರ ಸಾಕೆಟ್ಟಿನಿಂದ ವೈರೆಳೆದು ಕಿಟಕಿಯಲ್ಲಿ ಒಳಗೆ ಕೊಟ್ಟ. ಪೆಟ್ಟಿಗೆಯ ದೀಪ ಹತ್ತಿತು. ಲೈನ್ ಬರುವವರೆಗೂ ಸೀಟಿನಿಂದ ಕದಲಲಿಲ್ಲ; ಒಮ್ಮೆ ಬ್ಯಾಟರಿಯ ಮುಳ್ಳು, ಒಮ್ಮೆ ಕಿಟಕಿಯೊಳಗಿನ ಪುಟ್ಟ ಕೆಂಪು ಕಾಲು ನೋಡುತ್ತ ಕೂತ.

ಸಂಜೆ ವೈರು ಸುತ್ತುವಾಗ ಅಜ್ಜಿ ಹೊರಗೆ ಬಂದಳು. ಗಾಡಿಯಿಂದ ದೂರವೇ ನಿಂತಳು.

"ನಿನ್ನ ಉಪಕಾರ ಮರೆಯಲ್ಲಪ್ಪಾ. ಆದ್ರೆ ಕೂಸನ್ನ ಕರಕೊಂಡು ಹೋಗೋ ದಿನ ಮಾತ್ರ ಈ ಕಡೆ ಬರಬೇಡ."

"ಇಲ್ಲಮ್ಮ, ಬರಲ್ಲ," ಎಂದ. ಅವಳ ಮೇಲೆ ಸಿಟ್ಟು ಬರಲಿಲ್ಲ.

ಆ ದಿನ ಬಂದಾಗ ನರ್ಸೇ ಫೋನ್ ಮಾಡಿ ತಿಳಿಸಿದಳು. ಗಂಡೋ ಹೆಣ್ಣೋ ಎಂದು ಆಗ ಕೇಳಿದ. ಹೆಣ್ಣು ಎಂದಳು. ಈ ಸುದ್ದಿ ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿದ್ದ ನಂಬರುಗಳನ್ನು ಜಾಲಾಡಿ, ಕೊನೆಗೆ ಸ್ಮಶಾನದ ಕಾವಲುಗಾರನಿಗೆ ಹಚ್ಚಿದ. ಆಸ್ಪತ್ರೆಯ ಕೂಸು ಎನ್ನುವಷ್ಟರಲ್ಲೇ ಅವನು, ಅಯ್ಯೋ ಪಾಪ, ಎಷ್ಟು ಹೊತ್ತಿಗೆ ತರ್ತೀಯ ಎಂದು ಕೇಳಿದ.

"ತರಲ್ಲಣ್ಣ," ಎಂದ ಡ್ರೈವರ್. "ಅದು ಮನೆಗೆ ಹೋಯ್ತು."