ಓನರಮ್ಮನ ಓದು

ಓದುವಾಗ ಓನರಮ್ಮನ ಅರಿಶಿನ ಹತ್ತಿದ ತೋರುಬೆರಳು ಸಾಲಿನ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು. ಕಷ್ಟದ ಪದ ಬಂದರೆ ನಿಂತು, ಉಗುರಿನಿಂದ ಅದನ್ನು ಕುಟ್ಟುತ್ತಿತ್ತು. ಹೆಬ್ಬಗೋಡಿಯಲ್ಲಿ ತಮ್ಮ ರಾಗಿ ಹೊಲದಲ್ಲೇ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದವರು. ಕೊನೆಯ ಮನೆ ನಮ್ಮದು.

ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋದ ಮೇಲೆ ನನ್ನ ತಂಗಿ ನನ್ನಲ್ಲಿಗೆ ಬಂದಳು. ತಲೆ ಬಾಚುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಮಾನಸಿಕ ಆರೋಗ್ಯದ ಡಾಕ್ಟರು ಮಾತ್ರೆಯ ಜೊತೆ ಒಂದು ಪುಸ್ತಿಕೆ ಕೊಟ್ಟು, "ಯಾರಾದ್ರೂ ಜೊತೆಗೆ ಕೂತು ದಿನಾ ಸ್ವಲ್ಪ ಓದಿ, ಅದ್ರಲ್ಲಿ ಹೇಳಿದ್ದನ್ನ ಮಾಡ್ಸಿ" ಎಂದರು. ಅವಳಿಗಾಗಿ ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದ ನಾನು ಆ ದಿನವೇ ಅರ್ಧ ಪುಸ್ತಕ ಓದಿ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿಕೊಂಡಳು.

ನೀರು ಬಿಟ್ಟಿದ್ದೇನೆಂದು ಹೇಳಲು ಬಂದ ಓನರಮ್ಮ ಪುಸ್ತಿಕೆ ಕಂಡು ಅವಳ ಪಕ್ಕ ಕೂತರು. ಒಂದು ಸಾಲು ಓದಿ ನಕ್ಕರು. "ದಿನಾ ಸ್ವಲ್ಪ ದೂರ ನಡೀಬೇಕಂತೆ. ಸುಮ್‌ಸುಮ್ನೆ ಯಾರ್ ನಡೀತಾರೆ? ಏಳು ಮಗ, ಡೈರಿಗೆ ಹಾಲ್ ಹಾಕ್ಬರಾಣ."

ತಂಗಿ ಎದ್ದಳು! ನಾನು ಕಾಲು ಹಿಡಿದು ಬೇಡಿದರೂ ಏಳದವಳು.

ಆಮೇಲೆ ಸಂಜೆಯಾದರೆ "ಓನರಮ್ಮ ಬರ್ಲಿಲ್ವಾ?" ಎಂದು ಬಾಗಿಲು ನೋಡುತ್ತಿದ್ದಳು. ಒಂದು ದಿನ ಬಟ್ಟೆ ಒಗೆಯುತ್ತಿದ್ದಾಗ ಒಳಗಿನಿಂದ ಅವಳ ದನಿ ಕೇಳಿಸಿತು. ಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಅವರಿಗೆ ಹೇಳುತ್ತಿದ್ದಳು. ನನಗೆ ಹೇಳಿರಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಬಡಿದೆ.

ಅವರು ಹೊರಟಾಗ ಅಡ್ಡ ನಿಂತೆ. "ಇನ್ಮೇಲೆ ಪುಸ್ತಕ ನಾನೇ ಓದ್ತೀನಿ. ಅವ್ಳು ನನ್ ತಂಗಿ."

"ಇಲ್ಲ ಅಂದೋರ್ಯಾರು? ಅವ್ಳು ಅತ್ರೆ ನೀನೂ ಅಳ್ತೀಯ ಅಂತ ಅವ್ಳಿಗೆ ಭಯ ಕಣಮ್ಮ. ನಾನು ಎಲೆ ಅಡಿಕೆ ಆಕ್ಕೊಂಡು ಕೂತಿರ್ತೀನಿ, ಅಷ್ಟೇಯ. ನಾಳೆ ನೀನೂ ಬಾ. ಓದಕ್ ಬ್ಯಾಡ, ಕೇಳಕ್ ಬಾ."

ಹೋಗಿ ಕೂತೆ, ಮುಖ ಊದಿಸಿಕೊಂಡೇ. ಬಹಳ ದಿನ ಅವರಿಬ್ಬರೇ ಮಾತಾಡಿದರು. ಒಂದು ಸಂಜೆ, ನೋವನ್ನು ಹತ್ತಿರದವರಲ್ಲಿ ಹೇಳಿಕೊಳ್ಳಿ ಎಂಬ ಪುಟ ಬಂತು. ಓನರಮ್ಮ ಓದಿ, ಹಸುವಿಗೆ ಹುಲ್ಲು ಹಾಕಬೇಕೆಂದು ಎದ್ದು ಹೋದರು. ತಂಗಿ ನನ್ನ ಕಡೆ ತಿರುಗಿ, "ಅಕ್ಕಾ" ಎಂದಳು. ಆ ಹೆಸರು ಹೇಳಿದಳು. ಇಬ್ಬರೂ ಅತ್ತೆವು.

ಮಾತ್ರೆ ನಿಲ್ಲಿಸಲು ಡಾಕ್ಟರು ಹೇಳುವ ಹೊತ್ತಿಗೆ ಅವಳು ಕೆಲಸಕ್ಕೆ ಸೇರಿದ್ದಳು. ಕೆಲವು ವರ್ಷಗಳ ನಂತರ ಓನರಮ್ಮ ಹೃದಯಾಘಾತದಿಂದ ತೀರಿಕೊಂಡರು. ತಂಗಿ ಅತ್ತದ್ದನ್ನು ನೋಡಿದ ಅವರ ದೂರದ ನೆಂಟರು, "ಮಗಳಾ?" ಎಂದು ನನ್ನನ್ನೇ ಕೇಳಿದರು.

ಈಗ ಅವಳು ಮನಸ್ಸಿಗೆ ಕಷ್ಟವಾದರೆ ಮೊದಲು ನನಗೇ ಫೋನು ಮಾಡುತ್ತಾಳೆ. ಅದು ಓನರಮ್ಮ ಕೊಡಿಸಿದ ಭಾಗ್ಯ. ಆದರೂ ಮಾತಿನ ನಡುವೆ "ಅವ್ರಿದ್ದಿದ್ರೆ..." ಎಂದು ಅವಳು ನಿಟ್ಟುಸಿರು ಬಿಟ್ಟಾಗ, ಸುಳ್ಳೇಕೆ ಹೇಳಲಿ, ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.