ಮಷಿನ್ನಿಗೆ ಕಟ್ಟಿದ ಮನೆ

ಕಲ್ಲೋಳಿಯಲ್ಲಿ ಶಾಲಾ ಸಮವಸ್ತ್ರ ಹೊಲಿಸಿಕೊಡುವ ದಾಕ್ಷಾಯಿಣಿ ಸುಲಭಕ್ಕೆ ತಪ್ಪು ಒಪ್ಪಿಕೊಳ್ಳುವ ಹೆಂಗಸಲ್ಲ. ಒಪ್ಪಿಕೊಂಡದ್ದು ಒಂದೇ ಸಲ, ಹೊಸ ಶೆಡ್ಡಿನ ವಿಷಯದಲ್ಲಿ.

ನಾಲ್ಕು ಹೊಸ ಹೊಲಿಗೆ ಮಷಿನ್ ತಂದು, ಅವುಗಳಿಗೆಂದೇ ಮನೆಯ ಪಕ್ಕದಲ್ಲಿ ದೊಡ್ಡ ಶೆಡ್ ಕಟ್ಟಿಸಿದ್ದಳು. ಬೇರೆ ಊರುಗಳಿಂದ ಹೊಲಿಯುವ ನಾಲ್ವರು ಹೆಂಗಸರು ಬಂದರು, ಆದರೆ ನಿಲ್ಲಲಿಲ್ಲ; ಮೂವರು ಬೇಗನೆ ಬಿಟ್ಟುಹೋದರು. ಹುಕ್ಕೇರಿ ಕಡೆಯ ಘೋಡಗೇರಿಯಿಂದ ಬರುತ್ತಿದ್ದ ಅಲ್ಲವ್ವ ನಾಲ್ಕೂವರೆ ಬಸ್ಸು ತಪ್ಪೀತೆಂದು ಅರ್ಧ ಹೊಲಿದ ಅಂಗಿಯನ್ನು ಮಷಿನ್ನಿನಲ್ಲೇ ಬಿಟ್ಟು ಓಡುತ್ತಿದ್ದಳು. ಊರಲ್ಲಿ ಬಾಡಿಗೆಗೆ ಕೋಣೆ ಹುಡುಕಿದರೆ, ಇದ್ದ ಕೋಣೆಗಳಲ್ಲೆಲ್ಲ ರೇಟು ಏರಲೆಂದು ಇಟ್ಟ ಅರಿಶಿನದ ಚೀಲಗಳು.

“ಅರಿಶಿನಕ್ಕ ಜಾಗಾ ಐತಿ, ಮಂದಿಗಿ ಇಲ್ಲ ನೋಡ್ರಿ ಅಕ್ಕಾರ. ನಾಳಿಂದ ನಾ ಬರೂದಿಲ್ಲ,” ಎಂದಳು ಅಲ್ಲವ್ವ.

ದಾಕ್ಷಾಯಿಣಿ ಊರವರನ್ನೆಲ್ಲ ಬೈಯಲು ಬಾಯಿ ತೆರೆದವಳು ತನ್ನ ಶೆಡ್ಡಿನತ್ತ ತಿರುಗಿದಳು. “ನಾನೂ ಅದನ್ನ ಮಾಡೇನಲ್ಲ,” ಎಂದಳು. “ಮಷಿನ್ನಿಗಿ ಮನಿ ಕಟ್ಟೇನಿ.”

ಮರುದಿನವೇ ಮಷಿನ್‌ಗಳು ಅವಳ ಮನೆಯ ಪಡಸಾಲೆಗೆ ಬಂದವು.

“ಬೀಗರು ಬಂದ್ರ ಎಲ್ಲಿ ಕುಂದರಬೇಕು?” ಎಂದ ಗಂಡ ಈಶ್ವರ.

“ಮಷಿನ್ ಮುಂದ ಕುಂದರಲಿ. ಎರಡು ಅಂಗಿ ಹೊಲದು ಹೋಗ್ಲಿ.”

ಶೆಡ್ಡಿನೊಳಗೆ ಗೋಡೆ ಎದ್ದು ನಾಲ್ಕು ಕೋಣೆಗಳಾದವು. ಮೊದಲನೆಯದರಲ್ಲಿ ಅಲ್ಲವ್ವ ಗಂಡ, ಮಕ್ಕಳನ್ನು ಕರೆತಂದು ಹಾಲು ಉಕ್ಕಿಸಿದಳು. ವಾರದೊಳಗೆ ಬಿಟ್ಟುಹೋಗಿದ್ದ ಉಳಿದ ಮೂವರೂ ಬಂದು ಒಲೆ ಹೂಡಿದರು.

ಮರುದಿನ ಸಂಜೆ ನಾಲ್ಕೂವರೆ ಬಸ್ಸು ಎಂದಿನಂತೆ ಹಾರ್ನ್ ಹೊಡೆಯಿತು. ಪಡಸಾಲೆಯ ಒಂದು ಮಷಿನ್ನೂ ನಿಲ್ಲಲಿಲ್ಲ.